ಮರದ ದೋಣಿಯ ಓಟೋ ಲ್ಯೂರ್ಸೆನ್

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಪ್ರತಿವರ್ಷವೂ ಒಬ್ಬರಲ್ಲ ಒಬ್ಬ ಮಹನೀಯರ ಜೀವನಚರಿತ್ರೆ ಅಚ್ಚಾಗುವುದು ರೂಢಿ. ಕವಿಗಳು, ದೇಶಭಕ್ತರು, ವಿಜ್ಞಾನಿಗಳು, ಸಮಾಜಸುಧಾರಕರು, ಇವರ ವಿಷಯವನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಗೆಳೆಯರು ಇಲ್ಲಿ ಅನೇಕರಿದ್ದಾರೆ. ನಾನು ಆರಿಸಿಕೊಂಡವನು ಕವಿಯೂ ಅಲ್ಲ, ಮುಂದಾಳುವೂ ಅಲ್ಲ. ಅವನು ಮರದ ದೋಣಿಗಳನ್ನು ಕಟ್ಟಿದ ಒಬ್ಬ ಜರ್ಮನ್ ಕಸಬುದಾರ. ಹಡಗು ಕಟ್ಟುವವರ ಲೋಕದಲ್ಲಿ ಅವನ ಮನೆತನದ ಹೆಸರನ್ನು ಅರಿಯದವರಿಲ್ಲ. ಆದರೆ ನಮ್ಮಲ್ಲಿ ಆ ಹೆಸರನ್ನು ಕೇಳಿದವರು ಕಡಿಮೆ. ನಾನೂ ಎರಡು ವರ್ಷದ ಹಿಂದೆ ಕೇಳಿರಲಿಲ್ಲ.

ಈ ವಿಷಯ ನನಗೆ ದೊರೆತ ಬಗೆಯನ್ನು ಮೊದಲು ಹೇಳಬೇಕು. ನಮ್ಮೂರು ಉತ್ತರ ಕನ್ನಡದ ಒಂದು ಅಳಿವೆಯ ದಂಡೆಯ ಮೇಲಿದೆ. ನನ್ನ ತಂದೆ ದೋಣಿ ಕಟ್ಟುವ ಬಡಗಿ. ಅವರ ತಂದೆಯೂ ಅದೇ ಕೆಲಸ ಮಾಡಿದವರು. ನಮ್ಮ ಮನೆಯಲ್ಲಿ ಹತ್ತನೆಯ ತರಗತಿಯನ್ನು ದಾಟಿದವನು ನಾನೇ ಮೊದಲಿಗ. ಬಿ.ಎ. ಎರಡನೆಯ ವರ್ಷದಲ್ಲಿ ಇತಿಹಾಸದ ಪಾಠಕ್ಕಾಗಿ ಗ್ರಂಥಾಲಯದಿಂದ ಎರಡನೆಯ ಮಹಾಯುದ್ಧದ ಒಂದು ಪುಸ್ತಕವನ್ನು ತೆಗೆದುಕೊಂಡು ರಜೆಯಲ್ಲಿ ಊರಿಗೆ ಹೋಗಿದ್ದೆ. ಅದರಲ್ಲಿ ಜರ್ಮನಿಯ ಒಂದು ಯುದ್ಧದೋಣಿಯ ಚಿತ್ರವಿತ್ತು. ಅಪ್ಪ ಊಟ ಮುಗಿಸಿ ಬಂದು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಇಂಗ್ಲಿಷ್ ಅಕ್ಷರ ಅವರಿಗೆ ಬಾರದು. ಆದರೆ ದೋಣಿಯ ಬಗಲಿನ ಗೆರೆಯ ಮೇಲೆ ಬೆರಳಾಡಿಸಿ, ಇದು ಮರದ್ದಲ್ಲವೆ ಎಂದು ಕೇಳಿದರು. ನಾನು ಕಬ್ಬಿಣದ್ದೆಂದೆ. ಪುಸ್ತಕವನ್ನು ಓದಿ ನೋಡಿದರೆ ಅವರೇ ಸರಿ; ಅದು ಮರದ್ದಾಗಿತ್ತು. ಹಾಗಾದರೆ ಇದನ್ನು ಕಟ್ಟಿದವರು ಯಾರು ಎಂದು ಅವರು ಮತ್ತೆ ಕೇಳಿದರು. ಅದನ್ನು ನಡೆಸಿದ ನಾಯಕರ ಹೆಸರು ಪುಸ್ತಕದಲ್ಲಿತ್ತು, ಅದು ಮುಳುಗಿಸಿದ ಹಡಗುಗಳ ಪಟ್ಟಿಯಿತ್ತು. ಕಟ್ಟಿದವನ ಹೆಸರು ಮಾತ್ರ ಇರಲಿಲ್ಲ. ನನಗೆ ಉತ್ತರ ಹೇಳಲಾಗಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದುದರ ಫಲವೇ ಈ ಲೇಖನ.

ಜರ್ಮನಿಯ ಉತ್ತರದಲ್ಲಿ ಬ್ರೇಮೆನ್ ಎಂಬ ಹಳೆಯ ವ್ಯಾಪಾರದ ನಗರವಿದೆ. ವೇಸರ್ ನದಿ ಅದರ ಮಗ್ಗುಲಲ್ಲಿ ಹರಿದು ಉತ್ತರ ಸಮುದ್ರವನ್ನು ಸೇರುತ್ತದೆ. ನಗರದಿಂದ ಕೆಳಗೆ, ಸಮುದ್ರದ ಕಡೆಗೆ, ನದಿಯ ಎರಡು ದಂಡೆಗಳಲ್ಲಿಯೂ ದೋಣಿ ಕಟ್ಟುವವರ ಊರುಗಳು. ಒಂದು ದಂಡೆಯಲ್ಲಿ ಫೇಗೆಸಾಕ್ ಮತ್ತು ಔಮುಂಡ್, ಎದುರು ದಂಡೆಯಲ್ಲಿ ಲೆಮ್‌ವೆರ್ಡರ್. ಇಲ್ಲಿ ಫ್ರೀಡ್ರಿಖ್ ಲ್ಯೂರ್ಸೆನ್ ಎಂಬ ಬಡಗಿಯ ಮಗ 1875ರಲ್ಲಿ ಔಮುಂಡಿನಲ್ಲಿ ಸ್ವಂತದ ಒಂದು ಸಣ್ಣ ಕಾರ್ಖಾನೆ ತೆರೆದನು. ಆಗ ಅವನಿಗೆ ಇಪ್ಪತ್ತನಾಲ್ಕರ ಹತ್ತಿರದ ಪ್ರಾಯ. ಅವನ ತಂದೆಯೂ ದೋಣಿಯ ಬಡಗಿಯೇ. ಫ್ರೀಡ್ರಿಖ್‌ನು ಹಗುರವಾದ ಹುಟ್ಟಿನ ದೋಣಿಗಳನ್ನು ಕಟ್ಟುವುದರಲ್ಲಿ ಹೆಸರು ಪಡೆದನು. ನಮ್ಮ ಕಥಾನಾಯಕನಾದ ಓಟೋ ಈ ಫ್ರೀಡ್ರಿಖ್‌ನ ಮಗ. 1880ರಲ್ಲಿ ಹುಟ್ಟಿದ ಅವನು ಮರದ ಹೊಟ್ಟಿನ ವಾಸನೆಯಲ್ಲಿಯೇ ಬೆಳೆದನೆಂದು ನಾವು ಊಹಿಸಬಹುದು. ಬಡಗಿಯ ಮಗನಾದ ನನಗೆ ಆ ಊಹೆ ಕಷ್ಟವಲ್ಲ.

ಓಟೋ ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ಅವನ ತಂದೆಯ ಅಂಗಳದಲ್ಲಿ ಒಂದು ದೊಡ್ಡ ಘಟನೆ ನಡೆಯಿತು. ದಕ್ಷಿಣ ಜರ್ಮನಿಯಲ್ಲಿ ಗಾಟ್‌ಲೀಬ್ ಡೈಮ್ಲರ್ ಎಂಬವನು ಪೆಟ್ರೋಲಿನಿಂದ ನಡೆಯುವ ಸಣ್ಣ ಯಂತ್ರವನ್ನು ಕಂಡುಹಿಡಿದಿದ್ದನು. ಇವನೂ ದೊಡ್ಡ ಮನೆಯವನಲ್ಲ, ರೊಟ್ಟಿ ಬೇಯಿಸಿ ಮಾರುವವನ ಮಗ. ಆ ಯಂತ್ರವನ್ನು ನೀರಿನ ಮೇಲೆ ಪರೀಕ್ಷಿಸಲು ಅವನಿಗೆ ದೋಣಿ ಬೇಕಾಯಿತು. 1886ರಲ್ಲಿ ಫ್ರೀಡ್ರಿಖ್ ಲ್ಯೂರ್ಸೆನ್ ಅವನಿಗಾಗಿ ಆರು ಮೀಟರ್ ಉದ್ದದ ಒಂದು ದೋಣಿಯನ್ನು ಕಟ್ಟಿಕೊಟ್ಟನು. ಅದರ ಯಂತ್ರದ ಬಲ ಕೇವಲ ಒಂದೂವರೆ ಅಶ್ವಶಕ್ತಿ. ಡೈಮ್ಲರನ ಹುಟ್ಟೂರಿನ ಹೊಳೆಯಾದ ರೆಮ್ಸ್ ಎಂಬುದರ ಹೆಸರನ್ನೇ ಅದಕ್ಕೆ ಇಟ್ಟರು. ಜಗತ್ತಿನ ಮೊತ್ತಮೊದಲ ಯಂತ್ರದ ದೋಣಿಗಳಲ್ಲಿ ಅದು ಒಂದು. ಇಂದು ನಮ್ಮ ಅಳಿವೆಯಲ್ಲಿ ಬೆಳಗಿನ ಜಾವ ಟಕಟಕ ಸದ್ದು ಮಾಡುತ್ತ ಮೀನಿಗೆ ಹೊರಡುವ ಪ್ರತಿಯೊಂದು ದೋಣಿಯೂ ಆ ಆರು ಮೀಟರಿನ ದೋಣಿಯ ಸಂತತಿಯೆಂದರೆ ಅತಿಶಯೋಕ್ತಿಯಲ್ಲ.

ಹುಟ್ಟು ಹಾಕುವ ದೋಣಿಗೂ ಯಂತ್ರದ ದೋಣಿಗೂ ಇರುವ ಭೇದವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಯಂತ್ರವು ಬರಿಯ ಭಾರವಲ್ಲ, ನಡುಗುವ ಭಾರ. ಅದು ಹಲಗೆಯ ಸಂದುಗಳನ್ನು ಸಡಿಲಿಸುತ್ತದೆ, ಹಿಂಭಾಗವನ್ನು ಕೆಳಕ್ಕೆ ಜಗ್ಗುತ್ತದೆ. ಓಟ ಹೆಚ್ಚಿದಂತೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲಾರದೆ ಒದ್ದಾಡುತ್ತದೆ. ಆದುದರಿಂದ ಯಂತ್ರದ ದೋಣಿಯನ್ನು ಕಟ್ಟುವವನಿಗೆ ಕೈಯ ಹದ ಒಂದೇ ಸಾಲದು, ಲೆಕ್ಕವೂ ಬೇಕು. ತಂದೆಯಲ್ಲಿ ಹದವಿತ್ತು, ಮಗನು ಹಡಗು ಕಟ್ಟುವ ಶಾಸ್ತ್ರವನ್ನು ಓದಿ ಲೆಕ್ಕವನ್ನು ತಂದನು. 1907ರಲ್ಲಿ ಓಟೋ ತಂದೆಯ ಪಾಲುದಾರನಾದನು. ತರುವಾಯ ಆ ಕಾರ್ಖಾನೆಯಿಂದ ಹೊರಟ ಓಟದ ದೋಣಿಗಳು ಯುರೋಪಿನ ಪಂದ್ಯಗಳಲ್ಲಿ ಗೆಲ್ಲತೊಡಗಿದವು. 1911ರಲ್ಲಿ ಮೊನಾಕೊದ ಕಡಲ ಪಂದ್ಯದಲ್ಲಿ ಲ್ಯೂರ್ಸೆನ್ ದೋಣಿ ಡೈಮ್ಲರ್ ಯಂತ್ರದೊಡನೆ ಪ್ರಶಸ್ತಿ ಗಳಿಸಿತು. ತಂದೆ ಮಕ್ಕಳು ಕೂಡಿ ಮಾಡಿದ ಕೆಲಸ ಹೀಗೆ ಫಲಿಸಿದುದನ್ನು ಓದುವಾಗ ನನಗೆ ಸಂತೋಷವೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು. ನಾನು ಓದಿದೆ; ಆದರೆ ನನ್ನ ಓದು ಇದುವರೆಗೆ ಅಪ್ಪನ ಬಾಚಿಯ ಹತ್ತಿರಕ್ಕೂ ಹೋಗಿಲ್ಲ.

ಪಂದ್ಯದ ಕಾಲ ಬಹಳ ದಿನ ಉಳಿಯಲಿಲ್ಲ. 1914ರಲ್ಲಿ ಮೊದಲನೆಯ ಮಹಾಯುದ್ಧ ಹತ್ತಿಕೊಂಡಿತು. 1916ರಲ್ಲಿ ಹಿರಿಯ ಫ್ರೀಡ್ರಿಖ್ ತೀರಿಕೊಂಡನು. ಕಾರ್ಖಾನೆಯ ಪೂರ್ತಿ ಹೊಣೆ ಓಟೋನ ಹೆಗಲಿಗೆ ಬಂದಿತು. ಜರ್ಮನಿಯ ನೌಕಾಪಡೆಗೆ ಆಗ ಸಣ್ಣದಾದ, ಚುರುಕಾದ ದೋಣಿಗಳ ಅಗತ್ಯ ಬಿದ್ದಿತ್ತು. ದೋಣಿಗೆ ಬೇಕಾದ ಹಗುರವಾದ ಯಂತ್ರಗಳು ಆಕಾಶದಿಂದ ದೊರೆತವು ಎನ್ನಬೇಕು. ಜೆಪಲಿನ್ ಎಂಬ ದೊಡ್ಡ ವಾಯುನೌಕೆಗಳಿಗಾಗಿ ಮೈಬಾಖ್ ಕಾರ್ಖಾನೆಯವರು ಮಾಡಿದ ಪೆಟ್ರೋಲ್ ಯಂತ್ರಗಳನ್ನೇ 1917ರಲ್ಲಿ ಮರದ ದೋಣಿಗಳಿಗೆ ಕೂಡಿಸಿದರು. ವಾಯುನೌಕೆಯ ಯಂತ್ರವೆಂಬ ಅರ್ಥದ ಎರಡು ಅಕ್ಷರಗಳಿಂದ ಅವುಗಳನ್ನು ಎಲ್.ಎಂ. ದೋಣಿಗಳೆಂದು ಕರೆದರು. ಬಾಲ್ಟಿಕ್ ಸಮುದ್ರದಲ್ಲಿಯೂ ಬೆಲ್ಜಿಯಮಿನ ತೀರದಲ್ಲಿಯೂ ಅವು ಕೆಲಸ ಮಾಡಿದವು. ಪಂದ್ಯದ ದೋಣಿ ಹೀಗೆ ಮೊದಲ ಬಾರಿಗೆ ಸೈನ್ಯಕ್ಕೆ ಸೇರಿತು.

ಜರ್ಮನಿ ಸೋತಿತು. 1919ರ ವರ್ಸೇಲ್ಸ್ ಕೌಲಿನ ಷರತ್ತುಗಳನ್ನು ನಾವೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವೆ. ನೌಕಾಪಡೆಯಲ್ಲಿ 15,000 ಜನಕ್ಕಿಂತ ಹೆಚ್ಚು ಇರಕೂಡದು. ಆರು ಹಳೆಯ ಯುದ್ಧನೌಕೆ, ಆರು ಹಗುರ ಕ್ರೂಸರ್, ಹನ್ನೆರಡು ಡೆಸ್ಟ್ರಾಯರ್, ಹನ್ನೆರಡು ಟಾರ್ಪಿಡೊ ದೋಣಿ, ಇಷ್ಟೇ. ಜಲಾಂತರ್ಗಾಮಿ ಒಂದೂ ಇರಕೂಡದು. ಆದರೆ ವಿಹಾರದ ದೋಣಿಗಳನ್ನು ಕಟ್ಟಬಾರದೆಂದು ಕೌಲಿನಲ್ಲಿ ಎಲ್ಲಿಯೂ ಇರಲಿಲ್ಲ. ಜರ್ಮನಿಯ ನೌಕಾಧಿಕಾರಿಗಳು ಈ ಸಂದಿಯಲ್ಲಿ ಕೈ ಹಾಕಿದರು. ವಾಲ್ಟರ್ ಲೋಮನ್ ಎಂಬ ಕ್ಯಾಪ್ಟನ್ ಗುಪ್ತಧನವನ್ನು ವಿನಿಯೋಗಿಸಿ ವಿಹಾರದೋಣಿಗಳ ಕಂಪೆನಿ, ಹಾಯಿಯ ಶಾಲೆ ಮೊದಲಾದ ಮುಸುಕುಗಳ ಮರೆಯಲ್ಲಿ ವೇಗದ ದೋಣಿಗಳ ಪ್ರಯೋಗ ನಡೆಸಿದನು. 1927ರಲ್ಲಿ ಅದು ಬಯಲಿಗೆ ಬಂದು ಅವನು ಹುದ್ದೆ ಕಳೆದುಕೊಂಡನು. ಆದರೆ ಪ್ರಯೋಗ ನಿಲ್ಲಲಿಲ್ಲ.

ಈ ಮಧ್ಯೆ ಓಟೋನ ಕಾರ್ಖಾನೆಗೆ ನ್ಯೂಯಾರ್ಕಿನಿಂದ ಒಂದು ಬೇಡಿಕೆ ಬಂದಿತು. ಓಟೋ ಹರ್ಮನ್ ಕಾನ್ ಎಂಬವನು ಅಲ್ಲಿಯ ದೊಡ್ಡ ಬ್ಯಾಂಕಿನವನು, ನಾಟಕ ಸಂಗೀತಗಳಿಗೆ ಧಾರಾಳವಾಗಿ ಹಣ ಕೊಟ್ಟವನು. ಅವನು ಹುಟ್ಟಿದ್ದು ಜರ್ಮನಿಯ ಮಾನ್‌ಹೈಮಿನಲ್ಲಿ, ಒಂದು ಯೆಹೂದಿ ಮನೆತನದಲ್ಲಿ. ಅವನಿಗೆ ಓಡಾಡಲು ವೇಗದ ದೋಣಿಯೊಂದು ಬೇಕಾಗಿತ್ತು. ಅವನ ಹೆಸರಿನ ಮೂರು ತುಂಡುಗಳ ಮೊದಲಕ್ಷರಗಳನ್ನು ಕೂಡಿಸಿ ಆ ದೋಣಿಗೆ ಒಹೇಕ ಎಂಬ ಹೆಸರಾಯಿತು. ಎರಡನೆಯದಾದ್ದರಿಂದ ಎರಡನೆಯ ಒಹೇಕ. ಇಪ್ಪತ್ತೆರಡೂವರೆ ಮೀಟರ್ ಉದ್ದ, ಮೂರು ಮೈಬಾಖ್ ಯಂತ್ರಗಳು, ಗಂಟೆಗೆ 34 ನಾಟ್, ಎಂದರೆ ಸುಮಾರು 63 ಕಿಲೋಮೀಟರ್ ಓಟ. ಆ ಗಾತ್ರದ ದೋಣಿಗಳಲ್ಲಿ ಅಷ್ಟು ವೇಗದ್ದು ಆಗಿನ ಕಾಲಕ್ಕೆ ಅಪೂರ್ವ.

ಇದರ ರಚನೆಯಲ್ಲಿ ಎರಡು ವಿಶೇಷಗಳಿದ್ದವು. ಮೊದಲನೆಯದು, ಹಗುರ ಲೋಹದ ಪಕ್ಕೆಲುಬುಗಳ ಮೇಲೆ ಮರದ ಹಲಗೆಗಳನ್ನು ಹೊದಿಸಿದ್ದು. ಹೊರಗಿನ ಹಲಗೆ ಮಹಾಗನಿ ಮರದ್ದು. ಎರಡು ಪದರಾಗಿ ಹೊದಿಸಿದಾಗ ಒಂದರ ಸಂದನ್ನು ಇನ್ನೊಂದು ಮುಚ್ಚುತ್ತದೆ. ಮೈ ಹಗುರವಾಗಿಯೂ ಬಿಗಿಯಾಗಿಯೂ ಇರುತ್ತದೆ. ಎರಡನೆಯದು, ದೋಣಿಯ ಹೊಟ್ಟೆ ಉರುಟಾಗಿದ್ದುದು. ಬೇರೆ ದೇಶಗಳಲ್ಲಿ ವೇಗದ ದೋಣಿಗೆ ಕೋನವಿರುವ ಚಪ್ಪಟೆ ತಳವನ್ನು ಕೊಡುತ್ತಿದ್ದರು. ಅದು ತಿಳಿನೀರಿನ ಮೇಲೆ ಜಾರಿಕೊಂಡು ಹೋಗುತ್ತದೆ. ಆದರೆ ಅಲೆಯೆದ್ದಾಗ ನೀರಿನ ಮೇಲೆ ಬಡಿದು ಬಡಿದು ಒಳಗಿದ್ದವರ ಎಲುಬು ಸಡಿಲಿಸುತ್ತದೆ. ಉರುಟು ಹೊಟ್ಟೆಯ ದೋಣಿ ಅಲೆಯನ್ನು ಸೀಳಿಕೊಂಡು ಹೋಗುತ್ತದೆ. ಉತ್ತರ ಸಮುದ್ರದ ಕಡಲು ಸದಾ ಒರಟು, ಆದುದರಿಂದ ಅಲ್ಲಿಯವರಿಗೆ ಇದೇ ಹಿತ. ಇದನ್ನು ನಾನು ಅಪ್ಪನಿಗೆ ವಿವರಿಸಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಮಳೆಗಾಲದ ಮೊದಲ ಗಾಳಿಯಲ್ಲಿ ಅಳಿವೆ ದಾಟುವ ದೋಣಿಗೆ ಚಪ್ಪಟೆ ತಳ ಕೊಟ್ಟವನು ಬಡಗಿಯೇ ಅಲ್ಲವೆಂಬುದು ಅವರ ಅಭಿಪ್ರಾಯ.

ನೌಕಾಪಡೆಯವರ ಕಣ್ಣು ಈ ವಿಹಾರದೋಣಿಯ ಮೇಲೆ ಬಿದ್ದಿತು. 1929ರಲ್ಲಿ ಅವರು ಇದೇ ಮಾದರಿಯಲ್ಲಿ, ಸ್ವಲ್ಪ ದೊಡ್ಡದಾಗಿ, ಒಂದು ದೋಣಿಯನ್ನು ಕಟ್ಟಲು ಹೇಳಿದರು. 1930ರಲ್ಲಿ ಅದು ಸಿದ್ಧವಾಯಿತು. ಇಪ್ಪತ್ತೇಳು ಮೀಟರಿನಷ್ಟು ಉದ್ದ, ಮೂರು ಡೈಮ್ಲರ್-ಬೆನ್ಜ್ ಪೆಟ್ರೋಲ್ ಯಂತ್ರಗಳು, ಮುಂಭಾಗದ ಎರಡು ಬದಿಗಳಲ್ಲಿ ಎರಡು ಟಾರ್ಪಿಡೊ ಕೊಳವೆಗಳು. ಮೊದಲು ಅದಕ್ಕೆ ಜಲಾಂತರ್ಗಾಮಿಗಳನ್ನು ಅಟ್ಟುವ ದೋಣಿಯೆಂಬ ಸೌಮ್ಯವಾದ ಹೆಸರನ್ನಿಟ್ಟರು. ಜನರ ಕಣ್ಣಿಗೆ ಬೀಳುವಾಗ ಟಾರ್ಪಿಡೊ ಕೊಳವೆಗಳನ್ನು ಕಳಚಿ ದಡದಲ್ಲಿಡುವ ವ್ಯವಸ್ಥೆಯೂ ಇತ್ತು. ಮುಂದೆ ಮುಸುಕು ತೆಗೆದು ಎಸ್-1 ಎಂದು ಕರೆದರು. ವೇಗದ ದೋಣಿ ಎಂಬ ಅರ್ಥದ ಶ್ನೆಲ್‌ಬೋಟ್ ಎಂಬ ಜರ್ಮನ್ ಪದದ ಮೊದಲಕ್ಷರವದು. ಆಂಗ್ಲರು ಮುಂದೆ ಈ ಜಾತಿಯ ದೋಣಿಗಳನ್ನೆಲ್ಲ ಇ-ಬೋಟುಗಳೆಂದು ಕರೆದರು.

1932ರಲ್ಲಿ ಓಟೋ ಲ್ಯೂರ್ಸೆನ್ ತೀರಿಕೊಂಡನು. ಅದಾದ ಮರುವರ್ಷ, 1933ರ ಜನವರಿಯಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದನು. ಒಹೇಕದ ಒಡೆಯನಾದ ಕಾನ್ 1934ರಲ್ಲಿ ನ್ಯೂಯಾರ್ಕಿನಲ್ಲಿ ಕಾಲವಾದನು. ಒಬ್ಬ ಯೆಹೂದಿಯ ಹಣದಿಂದ ಹುಟ್ಟಿದ ರೂಪ ಯೆಹೂದಿಗಳನ್ನು ನಿರ್ನಾಮ ಮಾಡಹೊರಟವರ ಕೈಗೆ ಆಯುಧವಾಗಿ ಸೇರಿತು. ಇತಿಹಾಸದಲ್ಲಿ ಇಂತಹ ವಿಪರ್ಯಾಸಗಳು ಬೇಕಾದಷ್ಟಿವೆ, ಆದರೆ ಇದನ್ನು ಓದಿದ ದಿನ ನನಗೆ ನಿದ್ದೆ ಹತ್ತಲಿಲ್ಲ.

ಮನುಷ್ಯನ ಜೀವನಚರಿತ್ರೆ ಅವನ ಮರಣದೊಡನೆ ಮುಗಿಯುತ್ತದೆ. ಕಸಬುದಾರನ ಚರಿತ್ರೆ ಹಾಗಲ್ಲ. ಅವನು ಮಾಡಿಟ್ಟ ವಸ್ತು ಬದುಕಿರುವವರೆಗೂ ಅದು ನಡೆಯುತ್ತದೆ. ಆದುದರಿಂದ ಓಟೋ ಹೋದ ಮೇಲಿನ ವಿಷಯವನ್ನೂ ಹೇಳಲೇಬೇಕು.

ಅವನ ಕಾರ್ಖಾನೆ ಮನೆತನದವರ ಕೈಯಲ್ಲಿ ನಡೆಯಿತು. ಪೆಟ್ರೋಲಿನ ಆವಿ ದೋಣಿಯ ಹೊಟ್ಟೆಯಲ್ಲಿ ತುಂಬಿಕೊಂಡರೆ ಒಂದು ಕಿಡಿ ಸಾಕು, ಎಲ್ಲ ಭಸ್ಮ. ಅದಕ್ಕಾಗಿ ಆರನೆಯ ದೋಣಿಯಿಂದ ಡೀಸೆಲ್ ಯಂತ್ರಗಳನ್ನು ಹಾಕಿದರು. ಮೊದಮೊದಲು ಅವು ಬಹಳ ಕಾಟ ಕೊಟ್ಟವು. ಕೊನೆಗೆ ಡೈಮ್ಲರ್-ಬೆನ್ಜ್ ಕಾರ್ಖಾನೆಯ ಇಪ್ಪತ್ತು ಸಿಲಿಂಡರುಗಳ, ಸುಮಾರು 2,000 ಅಶ್ವಶಕ್ತಿಯ ಯಂತ್ರ ಒದಗಿತು. ಅಂತಹವು ಮೂರು. ದೋಣಿಯ ಉದ್ದ ಮೂವತ್ತೈದು ಮೀಟರಿಗೆ ಬೆಳೆಯಿತು, ತೂಕ ನೂರು ಟನ್ನಿನ ಹತ್ತಿರ ಬಂದಿತು, ಓಟ 40 ನಾಟ್ ಮುಟ್ಟಿತು. ಅದೇ ಕಾಲದ ಆಂಗ್ಲರ ಮತ್ತು ಅಮೆರಿಕನರ ಸಣ್ಣ ಟಾರ್ಪಿಡೊ ದೋಣಿಗಳು ಪೆಟ್ರೋಲಿನ ಮೇಲೆಯೇ ಓಡುತ್ತಿದ್ದವು; ಗುಂಡು ತಗಲಿದಾಗ ಬೇಗ ಹತ್ತಿ ಉರಿಯುತ್ತಿದ್ದವು.

ಲ್ಯೂರ್ಸೆನ್ ಹೆಸರಿನಿಂದಲೇ ಪ್ರಸಿದ್ಧವಾದ ಒಂದು ಉಪಾಯವೂ ಈ ದೋಣಿಗಳಲ್ಲಿತ್ತು. ನಡುವಿನ ಚುಕ್ಕಾಣಿಯ ಎಡಕ್ಕೂ ಬಲಕ್ಕೂ ಎರಡು ಚಿಕ್ಕ ಚುಕ್ಕಾಣಿಗಳು. ದೋಣಿ ಪೂರ್ಣವೇಗದಲ್ಲಿ ಓಡುವಾಗ ಇವನ್ನು ಹೊರಮುಖವಾಗಿ ಓರೆಯಾಗಿ ತಿರುಗಿಸಿದರೆ ಅವುಗಳ ಹಿಂದೆ ನೀರಿನಲ್ಲಿ ಗಾಳಿಯ ಪೊಳ್ಳು ಏಳುತ್ತದೆ. ಅದರಿಂದ ದೋಣಿಯ ಹಿಂಭಾಗ ಕೆಳಕ್ಕೆ ಕುಸಿಯದೆ ಸಮನಾಗಿ ನಿಲ್ಲುತ್ತದೆ, ಹಿಂದೆ ಏಳುವ ಅಲೆ ತಗ್ಗುತ್ತದೆ, ಓಟವೂ ಹೆಚ್ಚುತ್ತದೆ. ಅಲೆ ತಗ್ಗಿದರೆ ರಾತ್ರಿ ವೇಳೆ ಶತ್ರುವಿನ ಕಣ್ಣಿಗೆ ಬಿಳಿ ನೊರೆ ಕಾಣುವುದೂ ಕಡಿಮೆ. ಅಪ್ಪ ಇದನ್ನು ಮಾತ್ರ ನಂಬಲಿಲ್ಲ. ಚುಕ್ಕಾಣಿಯನ್ನು ಓರೆ ಮಾಡಿದರೆ ದೋಣಿ ತಡೆಯುವುದಲ್ಲದೆ ಓಡುವುದು ಹೇಗೆಂದು ಎರಡು ದಿನ ಯೋಚಿಸಿದರು. ಮೂರನೆಯ ದಿನ ಒಂದು ಆಟಿಕೆಯ ದೋಣಿಗೆ ತಗಡಿನ ಮೂರು ಚುಕ್ಕಾಣಿ ಹೊಡೆದು ಹೊಳೆಯಲ್ಲಿ ದಾರ ಕಟ್ಟಿ ಎಳೆದು ನೋಡಿದರು. ಆ ನಿಧಾನದ ಓಟಕ್ಕೆ ಏನೂ ಆಗಲಿಲ್ಲವೆಂಬುದು ಬೇರೆ ಮಾತು.

ವೇಗದ ದೋಣಿಗಳಲ್ಲದೆ ಮರದ ಮೈಯ ಇನ್ನೂ ಎರಡು ಜಾತಿಯ ದೋಣಿಗಳನ್ನು ಜರ್ಮನಿಯವರು ಕಟ್ಟಿದರು. ಒಂದು, ಆರ್-ದೋಣಿ. ತೀರದಲ್ಲಿ ಶತ್ರುಗಳು ನೀರಿನೊಳಗೆ ಹೂತಿಟ್ಟ ಮೈನುಗಳನ್ನು ಗುಡಿಸುವುದು, ಕಾವಲು ತಿರುಗುವುದು, ವ್ಯಾಪಾರಿ ಹಡಗುಗಳಿಗೆ ಬೆಂಗಾವಲು ಹೋಗುವುದು ಇದರ ಕೆಲಸ. ಕಬ್ಬಿಣದ ಹಡಗು ಹತ್ತಿರ ಬಂದರೆ ಸಿಡಿಯುವ ಅಯಸ್ಕಾಂತದ ಮೈನುಗಳು ಬಂದ ಮೇಲೆ ಮರದ ಮೈಯ ಬೆಲೆ ಹೆಚ್ಚಿತು. ಲ್ಯೂರ್ಸೆನ್ ಕಾರ್ಖಾನೆಯಲ್ಲಿಯೂ, ಎದುರು ದಂಡೆಯ ಲೆಮ್‌ವೆರ್ಡರಿನ ಅಬೇಕಿಂಗ್ ಮತ್ತು ರಾಸ್ಮುಸೆನ್ ಕಾರ್ಖಾನೆಯಲ್ಲಿಯೂ ಇವು ತಯಾರಾದವು. ಇನ್ನೊಂದು, ಯುದ್ಧದ ಮೀನುದೋಣಿ. ಇಪ್ಪತ್ತನಾಲ್ಕು ಮೀಟರ್ ಉದ್ದದ, ಮೀನುಗಾರರ ದೋಣಿಯ ಮಾದರಿಯ ಈ ಕಾವಲುದೋಣಿಗಳನ್ನು ಆರುನೂರಕ್ಕೂ ಹೆಚ್ಚಾಗಿ ಅನೇಕ ದೇಶಗಳ ಸಣ್ಣ ಸಣ್ಣ ಕಟ್ಟೆಗಳಲ್ಲಿ ಕಟ್ಟಿಸಿದರು. ಯುದ್ಧ ಮುಗಿದ ಮೇಲೆ ಮೀನು ಹಿಡಿಯಲು ಆಗಬೇಕೆಂಬ ಲೆಕ್ಕ ಮೊದಲಿನಿಂದಲೇ ಇತ್ತು.

ಯುದ್ಧದಲ್ಲಿ ಎಸ್-ದೋಣಿಗಳು ಮಾಡಿದ ಕೆಲಸ ಕ್ರೂರವಾದುದು. 1940ರ ಮೇ 9ರ ರಾತ್ರಿ ಎಸ್-31 ಎಂಬ ದೋಣಿ ಕೆಲ್ಲಿ ಎಂಬ ಆಂಗ್ಲ ಡೆಸ್ಟ್ರಾಯರಿಗೆ ಟಾರ್ಪಿಡೊ ಹೊಡೆಯಿತು. 27 ಜನ ಸತ್ತರು. ಸೀಳಿದ ಆ ಹಡಗನ್ನು ನಾಲ್ಕು ದಿನ ಎಳೆದುಕೊಂಡು ಇಂಗ್ಲೆಂಡಿಗೆ ಮುಟ್ಟಿಸಿದರು. ಅದರ ನಾಯಕ ಲೂಯಿ ಮೌಂಟ್‌ಬ್ಯಾಟನ್. ಏಳು ವರ್ಷಗಳ ತರುವಾಯ ನಮ್ಮ ದೇಶದ ಕೊನೆಯ ವೈಸರಾಯನಾಗಿ ಬಂದವನು ಇವನೇ. ಆ ರಾತ್ರಿಯ ಟಾರ್ಪಿಡೊ ಇನ್ನಷ್ಟು ಆಳಕ್ಕೆ ನಾಟಿದ್ದರೆ 1947ರ ಕಥೆಯನ್ನು ನಾವು ಬೇರೆ ಹೆಸರಿನೊಡನೆ ಓದುತ್ತಿದ್ದೆವು. ಅದೇ ತಿಂಗಳ 29ರಂದು ಡಂಕರ್ಕಿನಿಂದ ಸೈನಿಕರನ್ನು ಹೊತ್ತು ಮರಳುತ್ತಿದ್ದ ವೇಕ್‌ಫುಲ್ ಎಂಬ ಹಡಗನ್ನು ಎಸ್-30 ಹೊಡೆಯಿತು. ಹಡಗು ಎರಡು ತುಂಡಾಗಿ ಕ್ಷಣಮಾತ್ರದಲ್ಲಿ ಮುಳುಗಿತು. ಒಳಗೆ ಮಲಗಿದ್ದ ಆರುನೂರಕ್ಕೂ ಹೆಚ್ಚು ಸೈನಿಕರಲ್ಲಿ ಬಹುತೇಕ ಎಲ್ಲರೂ ನೀರುಪಾಲಾದರು. 1944ರ ಏಪ್ರಿಲ್ 28ರ ಬೆಳಗಿನ ಜಾವ ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಅಮೆರಿಕನ್ ಸೈನಿಕರು ನಾರ್ಮಂಡಿಯ ದಾಳಿಗಾಗಿ ತಾಲೀಮು ನಡೆಸುತ್ತಿದ್ದಾಗ ಒಂಬತ್ತು ಎಸ್-ದೋಣಿಗಳು ಕತ್ತಲೆಯಲ್ಲಿ ನುಗ್ಗಿದವು. ಎರಡು ದೊಡ್ಡ ಸಾಗಣೆಯ ಹಡಗುಗಳು ಮುಳುಗಿದವು, ಏಳುನೂರು ಜನರಷ್ಟು ಸತ್ತರು. ಬಹಳ ಕಾಲ ಅದು ಹೊರಗೆ ಹೆಚ್ಚು ಪ್ರಚಾರವಾಗಲಿಲ್ಲ.

ಈ ದೋಣಿಗಳಿಗೂ ಕಷ್ಟ ತಪ್ಪಲಿಲ್ಲ. ಯುದ್ಧದಲ್ಲಿ ಇನ್ನೂರಕ್ಕಿಂತ ಹೆಚ್ಚು ಎಸ್-ದೋಣಿಗಳು ಕೆಲಸ ಮಾಡಿದವು. ಅರ್ಧಕ್ಕೂ ಹೆಚ್ಚು ನಾಶವಾದವು. 1944ರ ಜೂನ್ 14ರಂದು ಫ್ರಾನ್ಸಿನ ಲ ಹಾವ್ರ್ ಬಂದರಿನ ಮೇಲೆ ಆಂಗ್ಲ ವಿಮಾನಗಳು ಬಾಂಬು ಸುರಿದು ಒಂದೇ ಸಂಜೆ ಹನ್ನೆರಡಕ್ಕೂ ಹೆಚ್ಚು ದೋಣಿಗಳನ್ನು ಪುಡಿಮಾಡಿದವು. ಪ್ರತಿಯೊಂದು ದೋಣಿಯಲ್ಲಿಯೂ ಇಪ್ಪತ್ತೈದು ಮೂವತ್ತು ಜನ. ಬಹುಮಂದಿ ನಮ್ಮ ನಿಮ್ಮ ವಯಸ್ಸಿನ ಹುಡುಗರು. ಇತ್ತ ಫೇಗೆಸಾಕಿನ ಹತ್ತಿರದಲ್ಲಿಯೇ, ಅದೇ ವೇಸರ್ ನದಿಯ ದಂಡೆಯ ಫಾರ್ಗೆಯಲ್ಲಿ, ಜಲಾಂತರ್ಗಾಮಿಗಳಿಗಾಗಿ ಕಾಂಕ್ರೀಟಿನ ಒಂದು ಭಾರಿ ಕಟ್ಟಡವನ್ನು 1943ರಿಂದ ಕಟ್ಟಿಸಿದರು. ಅದಕ್ಕಾಗಿ ಹಿಡಿದು ತಂದ ಬಂದಿಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಹಸಿವಿನಿಂದಲೂ ದುಡಿತದಿಂದಲೂ ಸತ್ತರು. ಒಂದು ಕಾಲಕ್ಕೆ ಹುಟ್ಟಿನ ದೋಣಿಗಳು ತೇಲಿದ ನದಿಯ ಕಥೆ ಇದು.

ಇಲ್ಲಿಗೆ ಬಂದಾಗ ಒಂದು ಪ್ರಶ್ನೆ ನನ್ನನ್ನು ಕಾಡಿತು. ಈ ಸಾವುಗಳಲ್ಲಿ ಓಟೋ ಲ್ಯೂರ್ಸೆನ್ನನ ಪಾಲೆಷ್ಟು? ಈ ಪ್ರಶ್ನೆಯನ್ನು ನಾನು ದೂರದ ಪ್ರಶ್ನೆಯಾಗಿ ಕೇಳುತ್ತಿಲ್ಲ. ಅದಕ್ಕೆ ಕಾರಣವನ್ನು ಸಂಕೋಚದಿಂದಲೇ ಇಲ್ಲಿ ಬರೆಯುತ್ತೇನೆ.

ನಾನು ಎಂಟನೆಯ ತರಗತಿಯಲ್ಲಿದ್ದ ವರ್ಷ ನಮ್ಮೂರಿಗೆ ಫೈಬರ್ ದೋಣಿಗಳು ಹೆಚ್ಚಾಗಿ ಬಂದಿದ್ದವು. ಮರದ ದೋಣಿಯನ್ನು ಕೇಳುವವರಿರಲಿಲ್ಲ. ಆಗ ಪರಊರಿನವನೊಬ್ಬ ಬಂದು, ಉದ್ದವಾದ, ಸಪೂರವಾದ ಒಂದು ದೋಣಿಯನ್ನು ಕಟ್ಟಿಕೊಡಬೇಕೆಂದೂ, ತಳದ ಹಲಗೆಯ ಕೆಳಗೆ ಹೊರಗೆ ಕಾಣದಂತೆ ಒಂದು ಅರೆ ಇರಬೇಕೆಂದೂ ಹೇಳಿದನು. ಹಣವನ್ನು ಮುಂಗಡವಾಗಿ ಎಣಿಸಿದನು. ಅಪ್ಪ ಕಟ್ಟಿಕೊಟ್ಟರು. ಆ ಅರೆ ಯಾತಕ್ಕೆಂದು ಕೇಳಲಿಲ್ಲ. ಮುಂದಿನ ಮಳೆಗಾಲ ಕಳೆದ ಮೇಲೆ ಕಳ್ಳಸಾಗಣೆಯಲ್ಲಿ ಆ ದೋಣಿ ಸಿಕ್ಕಿಬಿದ್ದಿತು. ಅಪ್ಪನನ್ನೂ ಎರಡು ದಿನ ಕರೆಸಿ ವಿಚಾರಿಸಿ ಬಿಟ್ಟರು. ಮನೆಗೆ ಬಂದವರು ಒಂದು ವಾರ ಬಾಚಿಯನ್ನು ಮುಟ್ಟಲಿಲ್ಲ. ತಾವು ಕಟ್ಟಿದ್ದು ದೋಣಿಯನ್ನಷ್ಟೆ ಎಂದು ನೆರೆಯವರಿಗೆ ಹೇಳಿದರು. ಆದರೆ ರಾತ್ರಿ ಅಮ್ಮನೊಡನೆ ಮಾತನಾಡುತ್ತ, ಆ ಅರೆಯನ್ನು ಅಳೆಯುವಾಗಲೇ ತಮ್ಮ ಕೈಗೆ ಗೊತ್ತಾಗಿತ್ತೆಂದು ಹೇಳಿದ್ದು ನನ್ನ ಕಿವಿಗೆ ಬಿದ್ದಿತು. ಆ ವರ್ಷ ನನ್ನ ಶಾಲೆಯ ಫೀಸು, ಪುಸ್ತಕ, ಬಟ್ಟೆ ಎಲ್ಲವೂ ಆ ಮುಂಗಡದಿಂದ ಬಂದವು. ಅದಿಲ್ಲದಿದ್ದರೆ ನಾನು ಈ ಸಂಚಿಕೆಯಲ್ಲಿ ಬರೆಯುವಷ್ಟು ದೂರ ಬರುತ್ತಿರಲಿಲ್ಲ.

ಆದುದರಿಂದ ಓಟೋನನ್ನು ಕುರಿತು ತೀರ್ಪು ಹೇಳಲು ನನಗೆ ಬಾಯಿ ಬಾರದು. ಅವನ ಪಕ್ಷದಲ್ಲಿ ಹೇಳಬಹುದಾದ ಮಾತುಗಳಿವೆ. 1929ರಲ್ಲಿ ಜಗತ್ತಿನ ವ್ಯಾಪಾರ ಕುಸಿದು ಬಿದ್ದಿತು. 1932ರ ಹೊತ್ತಿಗೆ ಜರ್ಮನಿಯಲ್ಲಿ ಅರುವತ್ತು ಲಕ್ಷ ಜನರು ಕೆಲಸವಿಲ್ಲದೆ ಕುಳಿತಿದ್ದರು. ವಿಹಾರದ ದೋಣಿಗಳನ್ನು ಕೊಳ್ಳುವವರು ಯಾರು? ಕಾರ್ಖಾನೆಯ ಬಡಗಿಗಳಿಗೆ ಕೂಲಿ ಕೊಡುವುದೆಲ್ಲಿಂದ? ಅಲ್ಲದೆ ತನ್ನ ದೋಣಿ ಯಾವ ಬಗೆಯ ಸರಕಾರದ ಕೈ ಸೇರುವುದೆಂದು ಅವನು ನೋಡಲೇ ಇಲ್ಲ. ಇವೆಲ್ಲ ನಿಜ. ಆದರೆ ವಿಹಾರದೋಣಿಯ ಬಗಲಿಗೆ ಟಾರ್ಪಿಡೊ ಕೊಳವೆಯ ಜಾಗವನ್ನು ಅಳೆದಾಗ, ಆ ಕೊಳವೆಯನ್ನು ಬೇಕೆಂದಾಗ ಕಳಚುವಂತೆ ಮಾಡಿದಾಗ, ಅದು ಯಾತಕ್ಕೆಂಬುದು ಅವನ ಕೈಗೂ ಗೊತ್ತಾಗಿರಬೇಕು. ನಕ್ಷೆ ಬರೆದವನು ನಾನೇನು ಬಲ್ಲೆನೆಂದು ಪೂರ್ತಿಯಾಗಿ ಜಾರಿಕೊಳ್ಳಲಾರ. ಅಂತೆಯೇ ಅವನ ಹಣದಿಂದ ಉಂಡವರೂ, ಅವನ ದೋಣಿಗೆ ತೆರಿಗೆ ಕೊಟ್ಟವರೂ, ಅದರಲ್ಲಿ ಕುಳಿತು ಗುಂಡಿ ಒತ್ತಿದವರೂ ಜಾರಿಕೊಳ್ಳಲಾರರು. ಪಾಲು ಹಂಚಿಹೋಗುತ್ತದೆ, ಇಲ್ಲವಾಗುವುದಿಲ್ಲ. ನನ್ನ ಫೀಸಿನ ವಿಷಯದಲ್ಲಿಯೂ ನಾನು ಕಂಡುಕೊಂಡಿರುವುದು ಇಷ್ಟೆ.

ಆದರೆ ಈ ಕಥೆ ಇಲ್ಲಿಗೇ ನಿಲ್ಲುವುದಿಲ್ಲ. 1945ರಲ್ಲಿ ಯುದ್ಧ ಮುಗಿದಾಗ ಉತ್ತರ ಯುರೋಪಿನ ಕಡಲೆಲ್ಲ ಮೈನುಗಳಿಂದ ತುಂಬಿತ್ತು. ಆಂಗ್ಲರ ಮೇಲ್ವಿಚಾರಣೆಯಲ್ಲಿ ಜರ್ಮನಿಯ ನಾವಿಕರೇ, ಮರದ ಮೈಯ ಆರ್-ದೋಣಿಗಳನ್ನು ಮೊದಲಾಗಿ ಬಳಸಿಕೊಂಡು, 1947ರ ಕೊನೆಯವರೆಗೂ ಆ ಮೈನುಗಳನ್ನು ಗುಡಿಸಿದರು. ಕೊಲ್ಲಲು ಹೊರಟ ಪಡೆಯ ದೋಣಿಗಳೇ ಕಡಲಿನ ದಾರಿಯನ್ನು ಮತ್ತೆ ತೆರೆದುಕೊಟ್ಟವು. ಯುದ್ಧದ ಮೀನುದೋಣಿಗಳಲ್ಲಿ ಅನೇಕವು ಮೊದಲೇ ಹಾಕಿದ ಲೆಕ್ಕದಂತೆ ಬಂದೂಕು ಕಳಚಿ ಬಲೆ ಹೊತ್ತವು. ಎಸ್-ದೋಣಿಗಳಲ್ಲಿ ಉಳಿದವನ್ನು ಗೆದ್ದ ದೇಶಗಳು ಹಂಚಿಕೊಂಡವು. ಡೆನ್ಮಾರ್ಕ್ ಮತ್ತು ನಾರ್ವೆಯ ನೌಕಾಪಡೆಗಳಲ್ಲಿ ಕೆಲವು ಹಲವು ವರ್ಷ ದುಡಿದವು. ಅಷ್ಟೊಂದು ದೋಣಿಗಳಲ್ಲಿ ಎಸ್-130 ಎಂಬ ಒಂದೇ ಒಂದು ನಮ್ಮ ಕಾಲದವರೆಗೆ ಉಳಿದುಬಂದಿದೆ. ಇಂಗ್ಲೆಂಡಿನಲ್ಲಿ ಅದನ್ನು ದಡಕ್ಕೆ ಎಳೆದು ದುರಸ್ತಿಗೆ ತೊಡಗಿದರು. ಲ್ಯೂರ್ಸೆನ್ ಹೆಸರು ಈಗ ಧನಿಕರ ವಿಹಾರನೌಕೆಗಳಿಂದ ಜಗತ್ತಿಗೆ ಪರಿಚಿತವಾಗಿದೆ.

ಇದನ್ನೆಲ್ಲ ಒಟ್ಟುಗೂಡಿಸಿದ ಮೇಲೆ ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಪ್ರಶ್ನೆಗೆ ಉತ್ತರ ಹೇಳಿದೆ. ಆ ದೋಣಿಯನ್ನು ಕಟ್ಟಿದವನು ಒಬ್ಬ ಬಡಗಿಯ ಮೊಮ್ಮಗನೆಂದೂ, ಅವನ ಹೆಸರು ಓಟೋ ಎಂದೂ, ಅದರಿಂದ ಆದುದು ಇಷ್ಟಿಷ್ಟೆಂದೂ ಕಥೆಯಾಗಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಮೀನು ಹಿಡಿಯಲು ಹೋದ ದೋಣಿಗಳು ಎಷ್ಟೆಂದು ಕೇಳಿದರು. ಲೆಕ್ಕ ನನಗೆ ಗೊತ್ತಿರಲಿಲ್ಲ, ಅನೇಕವೆಂದೆ. ಅಷ್ಟು ಸಾಕು ಎಂಬಂತೆ ಎದ್ದು ಹೋದರು.

ಮರುದಿನ ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಒಂದು ಹಳೆಯ ದೋಣಿ ಕವುಚಿ ಬಿದ್ದಿತ್ತು. ನೆರೆಮನೆಯ ಮೀನುಗಾರರದು, ತಳದ ಎರಡು ಹಲಗೆ ಕೊಳೆತಿದ್ದವು. ಅಪ್ಪ ಉಳಿಯಿಂದ ಅವನ್ನು ಎಬ್ಬಿಸುತ್ತಿದ್ದರು. ನಾನು ಹೋಗಿ ಹಲಗೆಯ ಇನ್ನೊಂದು ತುದಿಯನ್ನು ಹಿಡಿದೆ. ಬಿ.ಎ. ಓದಿದ ಕೈಗೆ ಹಲಗೆ ಹಿಡಿಯಲು ಬರುವುದೆ ಎಂದು ಅವರು ಕೇಳುವರೆಂದುಕೊಂಡಿದ್ದೆ. ಅವರು ಏನನ್ನೂ ಕೇಳಲಿಲ್ಲ. ಸಂದಿಗೆ ತುರುಕುವ ಹತ್ತಿಯ ಉಂಡೆಯನ್ನು ನನ್ನ ಕಡೆಗೆ ಸರಿಸಿದರು. ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ಈ ಲೇಖನವನ್ನು ಬರೆಯುವ ಹೊತ್ತಿಗೆ ಆ ದೋಣಿ ಮತ್ತೆ ಅಳಿವೆ ದಾಟಿ ಮೀನಿಗೆ ಹೋಗಿ ಬರುತ್ತಿದೆ.